ಕಿತ್ತೂರಿನಿಂದ ಕಾಕ್‌ಪಿಟ್‌ಗೆ: ನಡುವಿನ ಮೆಟ್ಟಿಲು ಗಟ್ಟಿಯಾಗಲಿ

ಪುಣೆ–ಬೆಂಗಳೂರು ಹೆದ್ದಾರಿ ಬದಿಯ ಕಿತ್ತೂರಿನಲ್ಲಿ 1969ರಿಂದ ಹೆಣ್ಣುಮಕ್ಕಳ ಸೈನಿಕ ವಸತಿ ಶಾಲೆ ನಡೆದುಬಂದಿದೆ. ರಾಣಿ ಚನ್ನಮ್ಮನ ಹೆಸರಿನ ಈ ಶಾಲೆಗೆ ಮಕ್ಕಳು ಆರನೇ ತರಗತಿಗೇ ಸೇರುತ್ತಾರೆ. ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯಲ್ಲೂ ಈಗ ರಾಯಣ್ಣನ ಹೆಸರಿನ ಸೈನಿಕ ಶಾಲೆಯಿದೆ. ಬೆಂಗಳೂರಿನಲ್ಲಿ ವಿನ್ಯಾಸಗೊಳ್ಳುತ್ತಿರುವ ಐದನೇ ತಲೆಮಾರಿನ ಯುದ್ಧವಿಮಾನ ಎಎಂಸಿಎ ವಾಯುಪಡೆ ಸೇರುವ ಗುರಿ 2035ರ ಸುಮಾರಿಗೆ. ಅಷ್ಟರಲ್ಲಿ ಈ ಮಕ್ಕಳೂ ಪೈಲಟ್ ಆಗುವ ವಯಸ್ಸಿಗೆ ಬಂದಿರುತ್ತಾರೆ. ಆದರೆ ಎಎಂಸಿಎ ಹಾರಿಸಲು ಅವರನ್ನು ಪಳಗಿಸುವ ತರಬೇತಿ ವಿಮಾನ ಯಾವುದು ಎಂಬುದು ಇನ್ನೂ ತೀರ್ಮಾನವಾಗಬೇಕಿದೆ.

ಬೀದರ್‌ನ ಪಾಠಶಾಲೆ

ಯುದ್ಧವಿಮಾನದ ಪೈಲಟ್ ಆಗುವವರು ಹೈದರಾಬಾದ್ ಬಳಿಯ ದುಂಡಿಗಲ್‌ನಲ್ಲಿ ಪ್ರೊಪೆಲರ್ ವಿಮಾನದಲ್ಲಿ ಹಾರಾಟದ ಓನಾಮ ಕಲಿಯುತ್ತಾರೆ. ಮುಂದಿನ ಹಂತಕ್ಕೆ ದಶಕಗಳ ಕಾಲ ಆಸರೆಯಾದದ್ದು ಎಚ್‌ಎಎಲ್‌ನ ಕಿರಣ್ ಜೆಟ್. ಕೊನೆಯ ಹಂತದ ಕಲಿಕೆ ನಮ್ಮ ಬೀದರ್‌ನಲ್ಲಿ, ಹಾಕ್ ಜೆಟ್‌ನಲ್ಲಿ. ಜೋಡಿಯಾಗಿ ಹಾರುವುದು, ನೆಲಕ್ಕೆ ಹತ್ತಿರವಾಗಿ ಧಾವಿಸುವುದು, ಗುರಿಗೆ ಬಾಂಬ್ ಹಾಕುವುದು, ಎದುರಾಳಿಯ ಬೆನ್ನು ಹತ್ತುವುದು ಎಲ್ಲವನ್ನೂ ಇಲ್ಲಿ ಕಲಿಸುತ್ತಾರೆ. 2016ರಲ್ಲಿ ವಾಯುಪಡೆ ಸೇರಿದ ದೇಶದ ಮೊದಲ ಮೂವರು ಯುದ್ಧವಿಮಾನ ಪೈಲಟ್ ಮಹಿಳೆಯರು ಪಳಗಿದ್ದೂ ಬೀದರ್‌ನಲ್ಲೇ. 2018ರಲ್ಲಿ ಚಿಕ್ಕಮಗಳೂರಿನ ಮೇಘನಾ ಶಾನುಭೋಗ್ ದಕ್ಷಿಣ ಭಾರತದ ಮೊದಲ ಯುದ್ಧವಿಮಾನ ಪೈಲಟ್ ಮಹಿಳೆಯಾದರು.

ತಡಕ್ಕೆ ತೆತ್ತ ಬೆಲೆ

ಈ ಹಾಕ್ ಬರಲು ದೇಶ ಬಹಳ ಕಾಯಬೇಕಾಯಿತು. ಅಪಘಾತಗಳನ್ನು ಪರಿಶೀಲಿಸಲು 1982ರಲ್ಲಿ ನೇಮಕವಾದ ಲಾ ಫಾಂಟೇನ್ ಸಮಿತಿ ಸುಧಾರಿತ ಜೆಟ್ ತರಬೇತಿ ವಿಮಾನ ಬೇಕೇಬೇಕು ಎಂದಿತ್ತು. ಖರೀದಿ ಒಪ್ಪಂದ ಆದದ್ದು 2004ರಲ್ಲಿ: 66 ಹಾಕ್‌ಗಳಲ್ಲಿ 24 ಬ್ರಿಟನ್‌ನಿಂದ, 42 ಬೆಂಗಳೂರಿನ ಎಚ್‌ಎಎಲ್‌ನಿಂದ. ಬೀದರ್‌ನಲ್ಲಿ ಅವು ಸೇವೆಗೆ ಸೇರಿದ್ದು 2008ರ ಫೆಬ್ರುವರಿಯಲ್ಲಿ. ಅಲ್ಲಿಯವರೆಗೆ ಎಳೆಯ ಪೈಲಟ್‌ಗಳು ಗಂಟೆಗೆ 300 ಕಿ.ಮೀ. ಮೀರಿದ ವೇಗದಲ್ಲಿ ನೆಲಕ್ಕಿಳಿಯುವ ಮಿಗ್-21ರಲ್ಲೇ ಪಳಗಬೇಕಿತ್ತು. ಈಜು ಬಾರದವನನ್ನು ತುಂಬಿದ ಮಲಪ್ರಭೆಗೆ ಇಳಿಸಿದಂತಹ ಕೆಲಸವದು. ಅಪಘಾತಗಳಲ್ಲಿ ಜೀವ ಕಳೆದುಕೊಂಡವರಲ್ಲಿ ಆಗಷ್ಟೇ ವಾಯುಪಡೆ ಸೇರಿದ ತರುಣರೂ ಇದ್ದರು.

ಹೊಸ ವಿಮಾನ, ಹೊಸ ಕಲಿಕೆ

ಹೊಸ ತಲೆಮಾರಿನ ವಿಮಾನದಲ್ಲಿ ಸಮತೋಲನವನ್ನು ಕಂಪ್ಯೂಟರೇ ಕಾಯುತ್ತದೆ. ಪೈಲಟ್‌ನ ಶ್ರಮವೆಲ್ಲ ಯೋಚನೆಯಲ್ಲಿ. ರೇಡಾರ್, ಶಾಖ ಗುರುತಿಸುವ ಸಂವೇದಕ, ಜತೆಗಾರರ ವಿಮಾನ ಕಳಿಸುವ ಮಾಹಿತಿ ಎಲ್ಲವೂ ಪರದೆಗೆ, ಹೆಲ್ಮೆಟ್‌ಗೆ ಬಂದು ಬೀಳುತ್ತವೆ. ಯಾವುದು ಮುಖ್ಯವೆಂದು ಕ್ಷಣಾರ್ಧದಲ್ಲಿ ಆರಿಸಬೇಕು. ಎಎಂಸಿಎಯಲ್ಲಿ ಇರುವುದು ಒಂದೇ ಸೀಟು. ಮೊದಲ ಹಾರಾಟವೇ ಒಂಟಿ ಹಾರಾಟ. ಆದ್ದರಿಂದ ತಿದ್ದುವುದೆಲ್ಲ ಅದಕ್ಕೂ ಮೊದಲೇ ಮುಗಿದಿರಬೇಕು.

ನಮ್ಮ ಹಾಕ್‌ನಲ್ಲಿ ರೇಡಾರ್ ಇಲ್ಲ. ಇಟಲಿಯ ಎಂ-346ರಂಥ ತರಬೇತಿ ವಿಮಾನಗಳು ಇಲ್ಲದ ಶತ್ರುವನ್ನೂ ಕ್ಷಿಪಣಿಯನ್ನೂ ಪರದೆಯ ಮೇಲೆ ಸೃಷ್ಟಿಸಿ, ಹಾರಾಡುತ್ತಲೇ ಅಭ್ಯಾಸ ಮಾಡಿಸುತ್ತವೆ. ಶಬ್ದವೇಗ ಮೀರುವ ಇಂಥದ್ದೇ ತರಬೇತಿ ವಿಮಾನ ಎಚ್‌ಎಲ್‌ಎಫ್‌ಟಿ-42ರ ಪೂರ್ಣಗಾತ್ರದ ಮಾದರಿಯನ್ನು ಎಚ್‌ಎಎಲ್ 2023ರ ಏರೋ ಇಂಡಿಯಾ ವೈಮಾನಿಕ ಪ್ರದರ್ಶನದಲ್ಲಿ ತೋರಿಸಿತು. ಅದೇ ವರ್ಷ ಎರಡು ಸೀಟಿನ ತೇಜಸ್ ವಾಯುಪಡೆಯ ಕೈಸೇರಿತು. ಜಾಣ್ಮೆ ನಮ್ಮಲ್ಲಿದೆ. ಬೇಕಾದದ್ದು ಹೊತ್ತಿಗೆ ಸರಿಯಾದ ತೀರ್ಮಾನ.

ನಮ್ಮ ಮಕ್ಕಳ ದಾರಿ

ಸವದತ್ತಿ, ರಾಮದುರ್ಗದ ಹಳ್ಳಿಯ ಮಕ್ಕಳಿಗೂ ಈ ದಾರಿ ತೆರೆದೇ ಇದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪರೀಕ್ಷೆ ಬರೆಯಬಹುದು. 2022ರಿಂದ ಅಲ್ಲಿ ಹುಡುಗಿಯರಿಗೂ ಪ್ರವೇಶವಿದೆ. ಪದವಿ ಮುಗಿಸಿದವರಿಗೆ ವಾಯುಪಡೆಯ ಪ್ರವೇಶ ಪರೀಕ್ಷೆ ಎಎಫ್‌ಕ್ಯಾಟ್ ಇದೆ. ವಾಯುಪಡೆಯ ಆಯ್ಕೆ ಮಂಡಳಿಯೊಂದು ಮೈಸೂರಿನಲ್ಲೇ ಇದೆ. ಪೈಲಟ್ ಯೋಗ್ಯತೆಯ ಪರೀಕ್ಷೆಗೆ ಮಾತ್ರ ಜೀವಮಾನದಲ್ಲಿ ಒಂದೇ ಅವಕಾಶ, ತಯಾರಿಯಿಲ್ಲದೆ ಹೋಗಬಾರದು.

ಹಿಂದಿನ ತಲೆಮಾರಿನ ತರುಣರಿಗೆ ಸರಿಯಾದ ತರಬೇತಿ ವಿಮಾನ ಒದಗಿಸಲು ದೇಶಕ್ಕೆ ಎರಡು ದಶಕ ಮೀರಿ ಹಿಡಿಯಿತು. ಕಿತ್ತೂರು, ಸಂಗೊಳ್ಳಿಯ ಶಾಲೆಗಳಲ್ಲಿ ಓದುತ್ತಿರುವ ಮಕ್ಕಳ ಪಾಲಿಗೆ ಅದು ಮರುಕಳಿಸಬಾರದು. ಎಎಂಸಿಎಗೆ ಮೀಸಲಿಟ್ಟಷ್ಟೇ ಗಂಭೀರ ಗಮನವನ್ನು ಅದರ ತರಬೇತಿ ವಿಮಾನಕ್ಕೂ ಈಗಲೇ ಕೊಡಬೇಕು.