ಗಾಳದ ಓಲೆಗಳು

ಹಿಂದೆ ಕಳ್ಳನು ಮನೆಗೆ ಕನ್ನ ಕೊರೆಯುತ್ತಿದ್ದನು. ಇಂದು ಅವನು ಓಲೆ ಬರೆದು ಬೀಗದ ಕೈಯನ್ನು ನಮ್ಮಿಂದಲೇ ಕೇಳಿ ಪಡೆಯುತ್ತಾನೆ. ಬ್ಯಾಂಕಿನ ಸೋಗಿನಲ್ಲಿ ಬರುವ ಇಂಥ ಇ-ಮೇಲಿನ ವಂಚನೆಗೆ 'ಫಿಶಿಂಗ್' ಎಂದು ಹೆಸರು. ಮೀನಿಗೆ ಗಾಳ ಹಾಕುವುದೆಂಬ ಮಾತಿನಿಂದ ಹುಟ್ಟಿದ ಪದವಿದು. ನಿವೃತ್ತ ಅಧ್ಯಾಪಕರ ಜೀವಮಾನದ ಉಳಿತಾಯವಾಗಲಿ, ಮಗಳ ಮದುವೆಗೆಂದು ಕೂಡಿಟ್ಟ ಹಣವಾಗಲಿ ಗಳಿಗೆಯೊಂದರಲ್ಲಿ ಈ ಗಾಳಕ್ಕೆ ಸಿಕ್ಕಬಹುದಾದುದರಿಂದ ಇದರ ಲಕ್ಷಣಗಳನ್ನು ಎಲ್ಲರೂ ಅರಿತಿರುವುದು ಅವಶ್ಯಕ.

ಮೊದಲನೆಯ ಲಕ್ಷಣ ಅವಸರ. 'ಇಂದು ಸಂಜೆಯೊಳಗೆ ಕೆ.ವೈ.ಸಿ. ನವೀಕರಿಸದಿದ್ದರೆ ಖಾತೆ ಸ್ಥಗಿತ' ಎಂಬ ಬೆದರಿಕೆಯೋ, 'ತೆರಿಗೆಯ ಹಣ ಮರಳಿ ಬರಲಿದೆ' ಎಂಬ ಆಮಿಷವೋ ಅದರಲ್ಲಿರುತ್ತದೆ. ಭಯ, ಲೋಭಗಳೆರಡೂ ವಿವೇಚನೆಯನ್ನು ಮುಸುಕುವಂಥವು. ಎರಡನೆಯದು ಗುಪ್ತಸಂಕೇತಗಳ ಯಾಚನೆ. ಪಾಸ್‌ವರ್ಡ್, ಪಿನ್, ಒ.ಟಿ.ಪಿ.ಗಳನ್ನು ಯಾವ ಬ್ಯಾಂಕೂ ಇ-ಮೇಲಿನಲ್ಲಿ ಕೇಳುವುದಿಲ್ಲ. ಕಾಗುಣಿತದ ತಪ್ಪುಗಳಿಂದಲೇ ಕಳ್ಳೋಲೆಯನ್ನು ಗುರುತಿಸುತ್ತಿದ್ದ ಕಾಲವೊಂದಿತ್ತು. ಇಂದು ಯಂತ್ರವೇ ನಿರ್ದುಷ್ಟ ವಾಕ್ಯಗಳನ್ನು ರಚಿಸಿಕೊಡುವುದರಿಂದ ಭಾಷಾಶುದ್ಧಿಯು ಭಾವಶುದ್ಧಿಗೆ ಪ್ರಮಾಣವಾಗಲಾರದು.

ಮೂರನೆಯದು ಓಲೆಯೊಳಗಿನ ಕೊಂಡಿಯ ವಿಳಾಸ. ಇಲ್ಲಿ ನಮ್ಮ ವ್ಯಾಕರಣವೇ ನೆರವಿಗೆ ಬರುತ್ತದೆ. ತತ್ಪುರುಷ ಸಮಾಸದಲ್ಲಿ ಉತ್ತರಪದದ ಅರ್ಥವೇ ಪ್ರಧಾನವಷ್ಟೆ? 'ತಲೆನೋವು' ಎಂಬುದು ಒಂದು ಬಗೆಯ ನೋವೇ ಹೊರತು ತಲೆಯಲ್ಲ. ಜಾಲತಾಣದ ಹೆಸರೂ ಹಾಗೆಯೇ. ಮೊದಲ ಒಂಟಿ ಓರೆಗೆರೆಗೆ ಮುನ್ನ ಬರುವ ಕೊನೆಯ ಪದಗಳೇ ಒಡೆಯನನ್ನು ಸೂಚಿಸುತ್ತವೆ. ಆರಂಭದಲ್ಲಿ ಬ್ಯಾಂಕಿನ ಹೆಸರನ್ನಿಟ್ಟು ಕೊನೆಯಲ್ಲಿ ಬೇರೊಂದನ್ನು ಸೇರಿಸುವುದು ವಂಚಕರ ವಾಡಿಕೆ. ಭಾರತದ ಬ್ಯಾಂಕುಗಳು ತಮಗೇ ಮೀಸಲಾದ '.ಬ್ಯಾಂಕ್.ಇನ್' ವಿಳಾಸಕ್ಕೆ 2025ರ ಅಕ್ಟೋಬರ್ 31ರೊಳಗೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕು ಅದೇ ವರ್ಷದ ಏಪ್ರಿಲ್‌ನಲ್ಲಿ ಆದೇಶಿಸಿತು. 'ಬ್ಯಾಂಕ್' ಪದದ ಹಿಂದೆ ಚುಕ್ಕೆಯೇ ಇರಬೇಕು. ಅಡ್ಡಗೆರೆಯಿಂದಲೋ ಅಕ್ಷರದಿಂದಲೋ ಅಂಟಿಸಿದ್ದು ಬೇರೆಯೇ ಹೆಸರು. ಕಳುಹಿಸಿದವರ ಹೆಸರನ್ನಾದರೋ ಯಾರೂ ಅನುಕರಿಸಬಲ್ಲರು. ಆದುದರಿಂದ ಕೊಂಡಿಯನ್ನು ಒತ್ತದೆ, ಬ್ಯಾಂಕಿನ ವಿಳಾಸವನ್ನು ತಾವೇ ಬೆರಳಚ್ಚಿಸುವುದು ಅಥವಾ ಪಾಸ್‌ಪುಸ್ತಕದಲ್ಲಿ ಮುದ್ರಿತವಾದ ಸಂಖ್ಯೆಗೆ ದೂರವಾಣಿ ಮಾಡಿ ವಿಚಾರಿಸುವುದು ಉತ್ತಮ ಮಾರ್ಗ.

ಒಂದು ವೇಳೆ ಮೋಸವಾದರೆ ಕೂಡಲೇ ಬ್ಯಾಂಕಿಗೂ 1930 ಎಂಬ ಸಹಾಯವಾಣಿಗೂ ತಿಳಿಸಬೇಕು. ಖಾತೆದಾರನೇ ಗುಪ್ತಸಂಕೇತವನ್ನು ಕೊಟ್ಟಿದ್ದಲ್ಲಿ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ಬಳಿಕದ ನಷ್ಟ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ವಿಧಿಸಿತು. ತಡಮಾಡಿದಷ್ಟೂ ಹಾನಿ ನಮ್ಮದೇ ಎಂಬುದು ಇದರಿಂದ ಸ್ಪಷ್ಟ. ಮೋಸ ಮಾಡಿದವನಿಗಿಲ್ಲದ ನಾಚಿಕೆ ಮೋಸಹೋದವರಿಗೇಕೆ? ಕಲಿತವರೆಂಬ ಸಂಕೋಚದಿಂದ ವಿಷಯವನ್ನು ಮುಚ್ಚಿಡುವುದೇ ವಂಚಕನಿಗೆ ನಾವು ಮಾಡುವ ದೊಡ್ಡ ಉಪಕಾರ.