ಹಬ್ಬದ ಕೊಪ್ಪರಿಗೆಗೆ ತಕ್ಕ ಒಲೆ

ನೂರಿಪ್ಪತ್ತು ಮಂದಿಗೆ ಬಿಸಿಬೇಳೆಭಾತು ಆಗಬೇಕಾದರೆ ಮನೆಯ ಒಲೆ ಸಾಲದೆಂಬುದು ಗೃಹಿಣಿಯರೆಲ್ಲರಿಗೂ ತಿಳಿದ ಮಾತೇ. ಆದರೆ ಎಂಥ ಒಲೆ ಬೇಕು, ಅದನ್ನು ಎಲ್ಲಿ ಹೂಡಬೇಕು ಎಂದು ಕೇಳಿದರೆ ನಮ್ಮಲ್ಲಿ ಹತ್ತು ಮಂದಿ ಹನ್ನೊಂದು ಉತ್ತರ ಹೇಳುತ್ತೇವೆ. ರಬಾಳೆಯ ಆಸುಪಾಸಿನಲ್ಲಿ ನೆಲೆಸಿದ ನಾವು ಯುಗಾದಿಗೂ ರಾಜ್ಯೋತ್ಸವಕ್ಕೂ ಕೂಡಿ ಅಡಿಗೆ ಮಾಡಿ, ಕೂಡಿ ಉಣ್ಣುವ ಪದ್ಧತಿಯನ್ನು ಇಟ್ಟುಕೊಂಡು ಬಂದಿದ್ದೇವೆ. ಈ ಪದ್ಧತಿ ಒಂದು ಬೆಳಗ್ಗೆ ಇನ್ನೇನು ಮುರಿದುಬೀಳುವುದರಲ್ಲಿತ್ತು.

ಅಂದು ನವೆಂಬರ್ 1. ಸಭಾಗೃಹದ ಹಿಂದಿನ ಕಿರುಕೋಣೆಯಲ್ಲಿ, ಬಾಡಿಗೆಗೆ ತಂದ ದೊಡ್ಡ ಬರ್ನರಿನ ಮೇಲೆ ಕೊಪ್ಪರಿಗೆ ಏರಿಸಿದ್ದೆವು. ಗಾಳಿ ಬೀಸುತ್ತದೆಂದು ಕಿಟಕಿಯನ್ನೂ ಮುಚ್ಚಿದ್ದೆವು. ನಾವೆಲ್ಲ ತಳಿರುತೋರಣ ಕಟ್ಟಲು ಹೊರಗೆ ಹೋದಾಗ, ಬಾಗಿಲ ಕಡೆಯಿಂದ ಬಂದ ಗಾಳಿಗೆ ಉರಿ ಆರಿತು. ಗ್ಯಾಸು ಮಾತ್ರ ಬರುತ್ತಲೇ ಇತ್ತು. ನಮ್ಮ ಹುಡುಗನೊಬ್ಬ ತೆಂಗಿನಕಾಯಿ ರುಬ್ಬಲು ಯಂತ್ರದ ಗುಂಡಿಗೆ ಕೈ ಹಾಕುವಷ್ಟರಲ್ಲಿ ಧಾರವಾಡದ ಅಜ್ಜಿಯೊಬ್ಬರು ಬಾಗಿಲಲ್ಲಿ ನಿಂತು, "ತಮ್ಮಾ, ಮುಟ್ಟಬ್ಯಾಡ! ವಾಸನಿ ಬರಲಿಕತ್ತದ!" ಎಂದು ಕೂಗಿದರು. ಅವನು ಕೈ ಹಿಂತೆಗೆದ. ಸಿಲಿಂಡರು ಮುಚ್ಚಿ, ಕಿಟಕಿ ಬಾಗಿಲು ತೆರೆದು, ಎಲ್ಲರೂ ಅಂಗಳಕ್ಕೆ ಬಂದೆವು. ಆ ಗುಂಡಿಯ ಒಂದು ಕಿಡಿ ಸಾಕಾಗಿತ್ತು.

ಮುಂದಿನ ಸಭೆಯಲ್ಲಿ, "ಇನ್ನು ಮೇಲೆ ಊಟವನ್ನು ಹೊರಗಿನಿಂದಲೇ ತರಿಸೋಣ" ಎಂಬ ಸಲಹೆ ಬಂತು. ಅದಕ್ಕೆ ಎದುರಾಡುವುದು ಕಷ್ಟವಾಯಿತು. ಆದರೂ ಒಂದು ವರುಷದ ಅವಕಾಶ ಬೇಡಿ, ಈ ಒಲೆಯ ವಿಷಯವನ್ನು ಮೊದಲಿನಿಂದ ಕಲಿಯಲು ಹೊರಟೆವು. ಕಲಿತುದನ್ನು ಇಲ್ಲಿ ಒಪ್ಪಿಸುತ್ತಿದ್ದೇವೆ.

ಮೊದಲು ಲೆಕ್ಕ. 40 ಲೀಟರು ನೀರನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು 3,000 ಕಿಲೋಕ್ಯಾಲರಿ ಶಾಖ ಬೇಕು. ಮನೆಯ ಒಲೆಯ ದೊಡ್ಡ ಬರ್ನರಿನ ಶಕ್ತಿ ಸುಮಾರು 2 ಕಿಲೋವಾಟ್. ಅದರಲ್ಲಿ ಪಾತ್ರೆಗೆ ಮುಟ್ಟುವುದು ಗಂಟೆಗೆ ಸುಮಾರು 1,100 ಕಿಲೋಕ್ಯಾಲರಿ. ಅಂದರೆ ನೀರು ಕಾಯುವುದಕ್ಕೇ ಮೂರು ಗಂಟೆ ಹಿಡಿದೀತು! ಪೇಟೆಯಲ್ಲಿ ಭಟ್ಟಿ ಎಂದು ಕರೆಯುವ ಬರ್ನರು 10 ಕಿಲೋವಾಟಿನದಾದರೆ, ಅರ್ಧದಷ್ಟು ಶಾಖ ಸುತ್ತಲ ಗಾಳಿಗೆ ಹೋದರೂ ಮುಕ್ಕಾಲು ಗಂಟೆಯೊಳಗೆ ಕುದಿ ಬರುತ್ತದೆ. ಅದು ಗಂಟೆಗೆ ಮುಕ್ಕಾಲು ಕಿಲೋಗಿಂತ ಸ್ವಲ್ಪ ಹೆಚ್ಚು ಗ್ಯಾಸು ಉರಿಸುತ್ತದೆ. ನಮ್ಮ ಕೆಲಸಕ್ಕೆ ಇಷ್ಟು ಸಾಕು. ಇದಕ್ಕಿಂತ ಅಬ್ಬರದ ಉರಿಯಿದ್ದರೆ ನೀರು ಬೇಗ ಕಾದೀತು, ಆದರೆ ಬೇಳೆ ತಳ ಹಿಡಿದೀತು.

ಮನೆಯ 14.2 ಕಿಲೋ ಸಿಲಿಂಡರನ್ನು ತಂದು ಭಟ್ಟಿಗೆ ಜೋಡಿಸುವುದು ನಮ್ಮಲ್ಲಿ ಹಲವರ ರೂಢಿ. ಅದು ಎರಡು ಬಗೆಯಲ್ಲಿ ತಪ್ಪು. 2000ದ ಇಸವಿಯ ಸರಕಾರಿ ಆದೇಶದಂತೆ ಆ ಸಿಲಿಂಡರು ಮನೆಯ ಅಡಿಗೆಗೆ ಮಾತ್ರ. ಸಮಾರಂಭಕ್ಕೆ 19 ಕಿಲೋದ ವಾಣಿಜ್ಯ ಸಿಲಿಂಡರನ್ನೇ ತರಬೇಕು. ಎರಡನೆಯದಾಗಿ, ಮನೆಯ ರೆಗ್ಯುಲೇಟರು ಬಹು ಕಡಿಮೆ ಒತ್ತಡದಲ್ಲಿ ಗ್ಯಾಸು ಬಿಡುವಂಥದು. ಅದರಿಂದ ಭಟ್ಟಿ ಸೊರಗಿ ಉರಿಯುತ್ತದೆ. ಭಟ್ಟಿಯ ರೆಗ್ಯುಲೇಟರನ್ನು ಮನೆಯ ಒಲೆಗೆ ಹಾಕಿದರಂತೂ ಅಪಾಯ. ಕೊಳವೆಯ ಗ್ಯಾಸು ಇರುವ ಮನೆಯವರೂ ಎಚ್ಚರವಾಗಿರಬೇಕು: ಆ ಗ್ಯಾಸಿನ ಗುಣವೂ ಒತ್ತಡವೂ ಬೇರೆ, ಬರ್ನರಿನ ಕಂಡಿಯ ಅಳತೆಯೂ ಬೇರೆ. ಒಂದರ ಬರ್ನರು ಇನ್ನೊಂದಕ್ಕೆ ಆಗದು.

ಇನ್ನು ಒಲೆ ಹೂಡುವ ಜಾಗ. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗದೆ ನೆಲದ ಮೇಲೆ ನೀರಿನಂತೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಅದಕ್ಕೆ ಸಹಜವಾಗಿ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದೇ ಮರ್ಕ್ಯಾಪ್ಟನ್ ಎಂಬ ದುರ್ಗಂಧದ ವಸ್ತುವನ್ನು ಬೆರೆಸಿರುತ್ತಾರೆ. ಅಜ್ಜಿಯ ಮೂಗಿಗೆ ತಾಗಿದ್ದು ಅದೇ. ಆದುದರಿಂದ ಕಿರುಕೋಣೆ, ನೆಲಮಾಳಿಗೆ, ಮೆಟ್ಟಿಲ ಕೆಳಗಿನ ಜಾಗ ಯಾವುದೂ ಬೇಡ. ತೆರೆದ ಅಂಗಳವೇ ಉತ್ತಮ. ಮಳೆಗೆ ಮೇಲೊಂದು ತಗಡಿನ ಚಪ್ಪರವಿದ್ದರೆ ಸಾಕು, ಸುತ್ತಲೂ ಬಯಲಿರಬೇಕು. ಮುಚ್ಚಿದ ಜಾಗದಲ್ಲಿ ಉರಿ ಸರಿಯಾಗಿ ಉರಿಯದೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದನ್ನು ಯಾವ ಅಜ್ಜಿಯೂ ಕಂಡುಹಿಡಿಯಲಾರಳು.

ಗಾಳಿಗೆ ಮರೆ ಬೇಕಾದರೆ ಗಾಳಿ ಬರುವ ಕಡೆಗೆ ಮಾತ್ರ ತಗಡು ನಿಲ್ಲಿಸಿರಿ; ಒಲೆಯನ್ನು ಸುತ್ತುಗಟ್ಟಬೇಡಿರಿ. ಸಿಲಿಂಡರು ನೆಟ್ಟಗೆ ನಿಂತಿರಬೇಕು, ಮಲಗಿಸಬಾರದು. ಅಡಿಗೆಯ ನಡುವೆ ಆಗಾಗ ಅದರ ಮೈ ಮುಟ್ಟಿ ನೋಡಿರಿ: ಬೆಚ್ಚಗಿದ್ದರೆ ಅದು ಒಲೆಗೆ ಹತ್ತಿರವಾಯಿತೆಂದು ಅರ್ಥ. ತಣ್ಣಗಾಗಿ ಬೆವರಿದರೆ ಗಾಬರಿ ಬೇಡ. ಒಳಗಿನ ದ್ರವ ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುವುದರಿಂದ ಹಾಗಾಗುತ್ತದೆ. ಉರಿ ಇಳಿಯಿತೆಂದು ಅದಕ್ಕೆ ಬಿಸಿನೀರು ಸುರಿಯುವ ಸಾಹಸ ಮಾತ್ರ ಯಾರೂ ಮಾಡಬೇಡಿರಿ.

ಪಾತ್ರೆಯ ಮಾತನ್ನೂ ಹೇಳಬೇಕು. 60 ಲೀಟರು ಹಿಡಿಯುವ ಕೊಪ್ಪರಿಗೆ ತುಂಬಿದರೆ 60 ಕಿಲೋ ಮೇಲೆಯೇ ತೂಗುತ್ತದೆ. ಒಲೆಯ ಕಾಲುಗಳು ಅಗಲವಾಗಿ, ಗಟ್ಟಿ ನೆಲದ ಮೇಲೆ ಅಲುಗಾಡದೆ ನಿಲ್ಲಬೇಕು. ಪಾತ್ರೆಯ ತಳ ದಪ್ಪವಾಗಿದ್ದು ಉರಿಗಿಂತ ಅಗಲವಾಗಿರಲಿ. ಮುಕ್ಕಾಲಿಗಿಂತ ಹೆಚ್ಚು ತುಂಬಬೇಡಿರಿ. ಕುದಿಯುವ ಕೊಪ್ಪರಿಗೆಯನ್ನು ಇಬ್ಬರು ಹಿಡಿದು ಎತ್ತುವುದಕ್ಕಿಂತ, ಉರಿ ಆರಿಸಿ ಸೌಟಿನಿಂದ ತೋಡಿಕೊಳ್ಳುವುದೇ ಜಾಣತನ. ಹುಣಿಸೆಹುಳಿ ಬೀಳುವ ಅಡಿಗೆಗೆ ಸ್ಟೀಲು ಇಲ್ಲವೆ ಕಲಾಯಿ ಮಾಡಿದ ಹಿತ್ತಾಳೆ ಬೇಕು. ಕಲಾಯಿ ಹೋದ ಹಿತ್ತಾಳೆ ಕೂಡದು.

ಹೊತ್ತಿಸುವ ಮೊದಲು ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿರಿ. ಗುಳ್ಳೆ ಎದ್ದರೆ ಸೋರಿಕೆ ಇದೆಯೆಂದು ಅರ್ಥ. ಕಡ್ಡಿ ಗೀರಿ ಬರ್ನರಿಗೆ ಹಿಡಿದ ಮೇಲೆ ಗ್ಯಾಸು ಬಿಡಬೇಕು. ಮೊದಲು ಗ್ಯಾಸು ಬಿಟ್ಟು ಆಮೇಲೆ ಕಡ್ಡಿ ಹುಡುಕಬಾರದು. ಉರಿ ನೀಲಿಯಾಗಿದ್ದರೆ ಸರಿ. ಹಳದಿಯಾಗಿ ಪಾತ್ರೆಗೆ ಮಸಿ ಹಿಡಿದರೆ ಗಾಳಿ ಸಾಲದು. ಬರ್ನರಿನ ಗಾಳಿಕಂಡಿಯನ್ನು ಸ್ವಲ್ಪ ತೆರೆಯಿರಿ. ಉರಿ ಬರ್ನರನ್ನು ಬಿಟ್ಟು ಮೇಲೆ ಹಾರಿದರೆ ಗಾಳಿ ಹೆಚ್ಚಾಯಿತು. ಕಂಡಿಯನ್ನು ಸ್ವಲ್ಪ ಮುಚ್ಚಿರಿ. ಕೆಲಸ ಮುಗಿದೊಡನೆ ಮೊದಲು ಸಿಲಿಂಡರನ್ನು ಮುಚ್ಚಿ, ರಬ್ಬರು ಕೊಳವೆಯಲ್ಲಿ ಉಳಿದುದು ಉರಿದುಹೋದ ಮೇಲೆ ಬರ್ನರಿನ ತಿರುಪನ್ನು ಮುಚ್ಚಿರಿ. ಸೋರಿಕೆಯ ವಾಸನೆ ಬಂದರೆ ಯಾವ ಗುಂಡಿಯನ್ನೂ ಒತ್ತದೆ, ಹೊರಗೆ ಬಂದು 1906ಕ್ಕೆ ಫೋನು ಮಾಡಿರಿ. ಹಗಲು ರಾತ್ರಿ ಉತ್ತರ ದೊರೆಯುವ ಸಂಖ್ಯೆ ಅದು.

ಇಷ್ಟೆಲ್ಲ ಕಲಿತ ಮೇಲೂ ಒಂದು ಕೊರತೆ ಉಳಿದಿತ್ತು. ಅಂದು ಒಲೆ ಕೆಟ್ಟದ್ದಾಗಿರಲಿಲ್ಲ; ಅದರ ಬಳಿ ಯಾರೂ ಇರಲಿಲ್ಲ. ಆದ್ದರಿಂದ ಈಗ ನಮ್ಮಲ್ಲಿ ಒಂದು ಕಟ್ಟಳೆ: ಉರಿ ಇರುವವರೆಗೆ ಇಬ್ಬರು ಒಲೆಯ ಬಳಿ ಕೂಡಬೇಕು, ಒಬ್ಬರು ಎದ್ದರೆ ಇನ್ನೊಬ್ಬರು ಏಳಕೂಡದು. ಮಕ್ಕಳಿಗೆ ಆಚೆ ಗೆರೆ.

ಮರುವರುಷದ ರಾಜ್ಯೋತ್ಸವಕ್ಕೆ ಅಂಗಳದಲ್ಲೇ ಒಲೆ ಹೂಡಿದೆವು. ಮೊದಲ ಸರದಿಗೆ ಅಜ್ಜಿಯೇ ಕುರ್ಚಿ ಹಾಕಿಸಿಕೊಂಡು ಕೂತರು. ಜತೆಗೆ ಕೂತವನು, ಹಿಂದಿನ ವರುಷ ಗುಂಡಿಗೆ ಕೈ ಹಾಕಿದ್ದ ಅದೇ ಹುಡುಗ. ಊಟ ಹನ್ನೆರಡೂವರೆಗೆ ಸಿದ್ಧವಾಯಿತು. ಹೊರಗಿನಿಂದ ತರಿಸುವ ಮಾತನ್ನು ಆಮೇಲೆ ಯಾರೂ ಎತ್ತಿಲ್ಲ.