ಅಮ್ಮನ ಕಾಗದ, ಯಂತ್ರದ ಕೈಬರಹ

ಪ್ಯಾರಿಸ್ಸಿನಲ್ಲಿದ್ದ ಕಲಾವಿದೆ ವೆರಾ ಮೋಲ್ನಾರ್ ಅವರಿಗೆ ತಾಯಿಯಿಂದ ವಾರಕ್ಕೊಂದು ಕಾಗದ ಬರುತ್ತಿತ್ತು. ಪ್ರತಿ ಸಾಲಿನ ಎಡತುದಿಯಲ್ಲಿ ಅಕ್ಷರಗಳು ಶಿಸ್ತಾಗಿ ನಿಂತಿರುತ್ತಿದ್ದವು. ಬಲಕ್ಕೆ ಸಾಗಿದಂತೆ ತಡಬಡಾಯಿಸುತ್ತಿದ್ದವು. ವರ್ಷಗಳು ಉರುಳಿದಂತೆ ಶಿಸ್ತು ಕರಗಿ ಗೊಂದಲವಷ್ಟೇ ಉಳಿಯಿತು. ಓದಲು ಕಷ್ಟ, ನೋಡಲು ಮಾತ್ರ ಚೆಂದ. ಕೊನೆಗೆ ಕಾಗದ ಬರುವುದೇ ನಿಂತಿತು. ಆಗ ಮಗಳು ಅಮ್ಮನ ಕಾಗದಗಳನ್ನು ತಾವೇ ಬರೆಯತೊಡಗಿದರು, ಕಂಪ್ಯೂಟರಿನಿಂದ.

1924ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ, ಅಲ್ಲಿಯೇ ಚಿತ್ರಕಲೆ ಕಲಿತು, 1947ರಲ್ಲಿ ಪ್ಯಾರಿಸ್ ಸೇರಿದ ಮೋಲ್ನಾರ್ ಅವರನ್ನು ಸೆಳೆದದ್ದು ಗೆರೆ, ಚೌಕ, ವೃತ್ತಗಳು. 1959ರ ಸುಮಾರಿಗೆ ಅವರು 'ಕಾಲ್ಪನಿಕ ಯಂತ್ರ' ಎಂಬ ಪದ್ಧತಿ ರೂಢಿಸಿಕೊಂಡರು. ಯಂತ್ರವೇನೂ ಇರಲಿಲ್ಲ. ಮೊದಲೇ ನಿಯಮ ಗೊತ್ತುಮಾಡಿಕೊಂಡು, ಅದರಿಂದ ಹುಟ್ಟುವ ಒಂದೊಂದು ಚಿತ್ರವನ್ನೂ ಕೈಯಿಂದಲೇ ಬಿಡಿಸುತ್ತಿದ್ದರು. ಚುಕ್ಕಿ ಎಣಿಸಿ ರಂಗೋಲಿ ಹಾಕುವವರಿಗೆ ಇದು ತೀರಾ ಹೊಸತೆನಿಸಲಾರದು.

ಸಂಶೋಧನಾ ಪ್ರಯೋಗಾಲಯವೊಂದರ ನಿಜವಾದ ಕಂಪ್ಯೂಟರ್ ಬಳಸುವ ಅವಕಾಶ ದೊರೆತದ್ದು 1968ರಲ್ಲಿ. ಫೋರ್ಟ್ರಾನ್ ಭಾಷೆ ಕಲಿತರು. ಆಜ್ಞೆಗಳನ್ನು ರಂಧ್ರ ಕೊರೆದ ಕಾರ್ಡುಗಳ ಮೂಲಕ ಯಂತ್ರಕ್ಕೆ ಕೊಡಬೇಕಿತ್ತು. ನೋಡಲು ಪರದೆಯೂ ಇಲ್ಲ. ಪ್ಲಾಟರ್ ಚಿತ್ರ ಬರೆದು ಮುಗಿಸುವ ತನಕ ಏನು ಮೂಡೀತೆಂದು ಕಾಯಬೇಕು. ಪ್ಲಾಟರ್ ಎಂದರೆ ಪೆನ್ನು ಹಿಡಿದ ಯಂತ್ರ. ಅದು ಅಚ್ಚೊತ್ತುವುದಿಲ್ಲ, ಲೆಕ್ಕದ ಪ್ರಕಾರ ಪೆನ್ನನ್ನು ಎತ್ತಿ, ಇಳಿಸಿ, ಸರಿಸಿ ಗೆರೆ ಎಳೆಯುತ್ತದೆ.

ಕಲೆಯಿಂದ ಮನುಷ್ಯನನ್ನೇ ಹೊರಗಟ್ಟಿದಂತಾಯಿತು ಎಂಬ ಆಕ್ಷೇಪ ಕೇಳಿಬಂತು. ಆದರೆ ಮೋಲ್ನಾರ್ ಯಂತ್ರದಿಂದ ಬಯಸಿದ್ದು ಬರೀ ಅಚ್ಚುಕಟ್ಟನ್ನಲ್ಲ. ಒಂದರೊಳಗೊಂದು ಚೌಕಗಳನ್ನು ಬರೆಸಿ, ಅವು ಲೆಕ್ಕಕ್ಕೆ ಸಿಗದಂತೆ ಕೊಂಚ ಕೊಂಚ ಅಲುಗುವಂತೆ ಮಾಡಿದರು. 'ಶೇಕಡಾ 1ರಷ್ಟು ಅವ್ಯವಸ್ಥೆ' ಎಂಬುದು 1970ರ ದಶಕದ ಅವರ ಕೃತಿಯೊಂದರ ಹೆಸರೇ. ಎಷ್ಟು ಅಲುಗಿದರೆ ಕಣ್ಣು ಎಚ್ಚರಗೊಳ್ಳುತ್ತದೆ? ಎಷ್ಟಕ್ಕೆ ಬೇಸರವಾಗುತ್ತದೆ? ಕೈಯಿಂದಾದರೆ ಕೆಲವು ಹದಗಳನ್ನಷ್ಟೇ ನೋಡಬಹುದು. ಯಂತ್ರ ಬೇಕಾದಷ್ಟನ್ನು ಮುಂದಿಡುತ್ತದೆ. ಅದಕ್ಕೆ ದಣಿವಿಲ್ಲ, ಆಯ್ಕೆಯೂ ತಿಳಿಯದು, ಆರಿಸುವವರು ಕಲಾವಿದೆಯೇ.

'ನನ್ನ ಅಮ್ಮನ ಕಾಗದಗಳು' ಸರಣಿಯಲ್ಲಿ ಅವರು ಹುಡುಕಿದ್ದೂ ಇಂಥದೇ ಹದ. ಅಲ್ಲಿ ಓದಲು ಒಂದು ಅಕ್ಷರವೂ ಇಲ್ಲ. ಎಡದಲ್ಲಿ ನೆಟ್ಟಗೆ ಹೊರಟ ಅಂಕುಡೊಂಕು ಗೆರೆ ಬಲಕ್ಕೆ ಹೋಗುತ್ತ ಹದ ತಪ್ಪುತ್ತದೆ. ಆಕ್ಷೇಪಿಸಿದವರು ಮೊದಲು ನೋಡಬೇಕಾದ ಕೃತಿ ಇದು.

2022ರಲ್ಲಿ ವೆನಿಸ್ ಬಿಯೆನಾಲೆ ಪ್ರದರ್ಶನದಲ್ಲಿ ಅವರ ಕೃತಿಗಳಿಗೆ ಜಾಗ ಸಿಕ್ಕಾಗ ಅವರಿಗೆ 98 ವರ್ಷ. 2023ರ ಡಿಸೆಂಬರ್‌ನಲ್ಲಿ, ನೂರು ತುಂಬಲು ತಿಂಗಳಷ್ಟೇ ಇರುವಾಗ, ತೀರಿಕೊಂಡರು. ಪ್ಯಾರಿಸ್ಸಿನ ಪಾಂಪಿಡೂ ಕೇಂದ್ರದಲ್ಲಿ ಅವರ ಕೃತಿಗಳ ದೊಡ್ಡ ಪ್ರದರ್ಶನ ತೆರೆದದ್ದು 2024ರ ಫೆಬ್ರುವರಿಯಲ್ಲಿ.